ಕಾಫಿ ರಫ್ತಿಗೆ ಸೋಲಾರ್: ಬಿಸಿಲು ಬೇಕಿರುವುದು ಚಾವಣಿಗಾ, ಕಣಕ್ಕಾ?

ದೇಶದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತು ಪಾಲು ಬೆಳೆಯುವುದು ಕರ್ನಾಟಕದಲ್ಲಿ. ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ. ಇಟಲಿ, ಜರ್ಮನಿ, ರಷ್ಯಾ, ಬೆಲ್ಜಿಯಂ ದೊಡ್ಡ ಗಿರಾಕಿಗಳು. ಸ್ವಲ್ಪ ಬೀಜವಾಗಿ ಹೋಗುತ್ತದೆ, ಸ್ವಲ್ಪ ಇನ್‌ಸ್ಟಂಟ್ ಪುಡಿಯಾಗಿ. ಈ ರಫ್ತನ್ನು ಇನ್ನೂ ಬೆಳೆಸಬೇಕು ಅನ್ನುವ ಕಂಪನಿಗಳು ಈಗ ಸೋಲಾರ್‌ಗೆ ಕೋಟಿಗಟ್ಟಲೆ ಹಾಕಬೇಕಾ? ಒಂದು ಮಾತು ಕಾರ್ಖಾನೆಯ ಕಡೆಯಿಂದ, ಇನ್ನೊಂದು ತೋಟದ ಕಡೆಯಿಂದ.

ಪರ: ಚಾವಣಿ ಸುಮ್ನೆ ಬಿದ್ದಿದೆ

ಕಾಫಿ ವ್ಯಾಪಾರದಲ್ಲಿ ನಮ್ಮ ಕೈಯಲ್ಲಿರುವುದು ಬಹಳ ಕಡಿಮೆ. ಕಾಫಿಯ ಎರಡು ಜಾತಿಗಳಲ್ಲಿ ರೊಬಸ್ಟಾ ಬೆಲೆ ಲಂಡನ್ನಿನಲ್ಲಿ ತೀರ್ಮಾನ ಆಗುತ್ತದೆ, ಅರೇಬಿಕಾ ಬೆಲೆ ನ್ಯೂಯಾರ್ಕಿನಲ್ಲಿ. ಬ್ರೆಜಿಲ್‌ನಲ್ಲಿ ಹಿಮ ಬಿದ್ದರೂ, ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟರೂ ಇಲ್ಲಿನ ಲೆಕ್ಕ ಬದಲಾಗುತ್ತದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಯಿತು. ಯುರೋಪಿಗೆ ಹೊರಟ ಹಡಗುಗಳು ಇಡೀ ಆಫ್ರಿಕಾ ಸುತ್ತಿ ಹೋದವು. ಕಂಟೇನರ್ ಬಾಡಿಗೆ ಏರಿತು. ಇದರಲ್ಲಿ ನಾವು ತಡೆಯಬಹುದಾಗಿದ್ದು ಏನಿತ್ತು?

ಕೈಯಲ್ಲಿರುವುದು ಕಾರ್ಖಾನೆಯ ಖರ್ಚು ಮಾತ್ರ. ಅದರಲ್ಲೂ ಕರೆಂಟ್ ದರ ನಮ್ಮ ಮಾತು ಕೇಳುವುದಿಲ್ಲ. ವಿದ್ಯುತ್ ನಿಯಂತ್ರಣ ಆಯೋಗ ದರ ಬದಲಿಸಿದರೆ ಮುಂದಿನ ಬಿಲ್ಲೇ ಬೇರೆ. ಹೊರದೇಶದ ಗಿರಾಕಿಗೆ ನಾವು ತಿಂಗಳುಗಳ ಮುಂಚೆಯೇ ಡಾಲರ್‌ನಲ್ಲಿ ಬೆಲೆ ಒಪ್ಪಿಕೊಂಡಿರುತ್ತೇವೆ. ಆಮೇಲೆ ಖರ್ಚು ಏರಿತು ಅಂತ ಅವರ ಮುಂದೆ ಅಳುವ ಹಾಗಿಲ್ಲ. ಸೋಲಾರ್ ಹಾಕಿದರೆ ಮುಂದಿನ 25 ವರ್ಷ ಅಷ್ಟು ಯೂನಿಟ್‌ಗಳಿಗೆ ಎಷ್ಟು ಬೀಳುತ್ತದೆ ಅಂತ ಇವತ್ತೇ ಹೇಳಬಹುದು. ನನ್ನ ಮಟ್ಟಿಗೆ ಇದೇ ದೊಡ್ಡ ಲಾಭ. ಉಳಿತಾಯ ಆಮೇಲಿನ ಮಾತು.

ಉಳಿತಾಯವೂ ಸಣ್ಣದಲ್ಲ. ಹಾಸನ, ಚಿಕ್ಕಮಗಳೂರು, ಕುಶಾಲನಗರದ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ನೋಡಿದವರಿಗೆ ಅಲ್ಲಿನ ಗೋಡೌನ್‌ಗಳು ಎಷ್ಟು ಉದ್ದ ಅಂತ ಗೊತ್ತು. 1 ಕಿಲೋವಾಟ್‌ಗೆ ಸುಮಾರು 100 ಚದರ ಅಡಿ ಚಾವಣಿ ಸಾಕು. 50 ಸಾವಿರ ಚದರ ಅಡಿ ಇದ್ದರೆ 500 ಕಿಲೋವಾಟ್ ಕೂರಿಸಬಹುದು. ನಮ್ಮ ರಾಜ್ಯದ ಬಿಸಿಲಿಗೆ 1 ಕಿಲೋವಾಟ್ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ. ಅಲ್ಲಿಗೆ 7 ಲಕ್ಷ ಯೂನಿಟ್ ಆಯಿತು. ಒಂದು ಗುಂಟೆ ಜಮೀನೂ ಕೊಳ್ಳಬೇಕಿಲ್ಲ. ಆದಾಯ ತೆರಿಗೆಯಲ್ಲಿ ಸೋಲಾರ್ ಯಂತ್ರಗಳಿಗೆ ವರ್ಷಕ್ಕೆ ಶೇ 40ರ ಸವಕಳಿ (ಯಂತ್ರದ ಬೆಲೆ ಇಳಿದದ್ದನ್ನು ಖರ್ಚಾಗಿ) ತೋರಿಸಬಹುದು. ಹಾಕಿದ ದುಡ್ಡು ಐದಾರು ವರ್ಷದಲ್ಲಿ ವಾಪಸ್ ಬರುತ್ತದೆ ಅನ್ನುವುದು ಈ ಕೆಲಸದವರೆಲ್ಲ ಹೇಳುವ ಲೆಕ್ಕ.

ಕಾಲ ಕೂಡ ನಮ್ಮ ಕಡೆ ಇದೆ. ಕೊಯ್ಲು ನವೆಂಬರ್‌ನಲ್ಲಿ ಶುರುವಾದರೆ ರೊಬಸ್ಟಾ ಮುಗಿಯುವ ಹೊತ್ತಿಗೆ ಮಾರ್ಚ್. ಸಿಪ್ಪೆ ತೆಗೆಯುವ ಹಲ್ಲರ್, ಗಾತ್ರ ನೋಡಿ ವಿಂಗಡಿಸುವ ಗ್ರೇಡರ್, ಬಣ್ಣ ನೋಡಿ ಆರಿಸುವ ಕಲರ್ ಸಾರ್ಟರ್ ಎಲ್ಲವೂ ಜೋರಾಗಿ ಓಡುವುದು ಬೇಸಿಗೆಯಲ್ಲಿ. ಅದೇ ಹೊತ್ತಿಗೆ ರೈತರ ಪಂಪ್‌ಸೆಟ್, ತೋಟದ ಸ್ಪ್ರಿಂಕ್ಲರ್, ಊರಿನ ಫ್ಯಾನು ಎಲ್ಲ ಸೇರಿ ಕರೆಂಟಿಗೆ ಎಳೆದಾಟ. ಪ್ಯಾನೆಲ್ ಚೆನ್ನಾಗಿ ಕೊಡುವುದೂ ಆಗಲೇ.

ಇನ್‌ಸ್ಟಂಟ್ ಕಾಫಿಯಲ್ಲಿ ಒಳ್ಳೆಯ ಬೆಲೆ ಸಿಗುವುದು ಫ್ರೀಜ್ ಡ್ರೈ ಪುಡಿಗೆ. ಗಟ್ಟಿ ಡಿಕಾಕ್ಷನ್ನನ್ನು ಮೈನಸ್ 40 ಡಿಗ್ರಿ ಹತ್ತಿರಕ್ಕೆ ಹೆಪ್ಪುಗಟ್ಟಿಸಿ, ಗಾಳಿ ಎಳೆದು ಖಾಲಿ ಮಾಡಿದ ಕೋಣೆಯಲ್ಲಿ ಇಡುತ್ತಾರೆ. ಅಲ್ಲಿ ಮಂಜುಗಡ್ಡೆ ನೀರಾಗದೆ ನೇರ ಆವಿಯಾಗಿ ಹೋಗುತ್ತದೆ. ಹಾಗಾಗಿ ಪರಿಮಳ ಉಳಿಯುತ್ತದೆ. ಆದರೆ ಕಂಪ್ರೆಸರ್, ವ್ಯಾಕ್ಯೂಮ್ ಪಂಪ್ ಹಗಲು ರಾತ್ರಿ ಓಡಬೇಕು. ಕರೆಂಟ್ ದುಬಾರಿಯಾದರೆ ನಾವು ಈ ಮಾಲಿಗೆ ಕೈ ಹಾಕುವುದೇ ಕಷ್ಟ. ಬೀಜವನ್ನು ಹಾಗೇ ಕಳಿಸಿ, ಪುಡಿಯ ಲಾಭವನ್ನು ಬೇರೆ ದೇಶಕ್ಕೆ ಬಿಟ್ಟುಕೊಡಬೇಕಾಗುತ್ತದೆ. ನನಗೆ ನಿಜಕ್ಕೂ ಹೊಟ್ಟೆ ಉರಿಯುವುದು ಇದಕ್ಕೇ. ಇಷ್ಟು ಒಳ್ಳೆಯ ಬೀಜ ಬೆಳೆದು ಕೊನೆಯ ಕೆಲಸ ಬೇರೆಯವರಿಗೆ ಬಿಡುವುದಾ?

ಇನ್ನು ಗಿರಾಕಿಗಳು. ದೊಡ್ಡ ಕಂಪನಿಗಳೆಲ್ಲ ತಮ್ಮ ಹೊಗೆಯ ಲೆಕ್ಕ ಕೊಡಲು ಶುರು ಮಾಡಿವೆ. ನೆಸ್ಲೆ 2050ಕ್ಕೆ ನೆಟ್ ಝೀರೋ, ಅಂದರೆ ಬಿಡುವ ಹೊಗೆಯನ್ನು ಲೆಕ್ಕದಲ್ಲಿ ಸೊನ್ನೆಗೆ ತರುತ್ತೇವೆ ಎಂದು ಹೇಳಿದೆ. ಅಂಥವರ ಲೆಕ್ಕದಲ್ಲಿ ಮಾಲು ಕೊಡುವ ನಮ್ಮ ಕಾರ್ಖಾನೆಯ ಹೊಗೆಯೂ ಸೇರುತ್ತದೆ. ಒಂದೇ ರುಚಿ, ಒಂದೇ ಬೆಲೆಯ ಎರಡು ಸ್ಯಾಂಪಲ್ ಟೇಬಲ್ ಮೇಲಿದ್ದಾಗ ಈ ಲೆಕ್ಕ ನೋಡುತ್ತಾರೆ. ಕೀನ್ಯಾದ ಟೀ ಕಂಪನಿಯೊಂದು 2014ರಲ್ಲೇ ಕೆರಿಚೊ ಕಡೆಯ ಚಾಂಗೊಯಿ ತೋಟದಲ್ಲಿ 1 ಮೆಗಾವಾಟ್ ಸೋಲಾರ್ ಹಾಕಿತು. ಬ್ರಿಟನ್ನಿಗೆ ಟೀ ಕಳಿಸುವವರು ಅವರು. ನಾವು ಇನ್ನೂ ಯೋಚಿಸುತ್ತಾ ಕೂತಿದ್ದೇವೆ.

ಎಲ್ಲ ಕರೆಂಟೂ ಸೂರ್ಯನಿಂದಲೇ ಬರುತ್ತದೆ ಅಂತ ನಾನು ಹೇಳುವುದಿಲ್ಲ. ರಾತ್ರಿ ಪಾಳಿಗೆ ಗ್ರಿಡ್ ಬೇಕೇ ಬೇಕು. ಹಗಲಿನ ಬಿಲ್ಲಿನಲ್ಲಿ ಒಂದು ಪಾಲು ಇಳಿದರೂ ಆ ದುಡ್ಡಿನಲ್ಲಿ ಇನ್ನೊಂದು ಡ್ರೈಯರ್ ತರಬಹುದು, ಹತ್ತು ಜನಕ್ಕೆ ಕೆಲಸ ಕೊಡಬಹುದು.

ವಿರೋಧ: ಕಾಫಿ ಕೆಡುವುದು ಕಣದಲ್ಲಿ

ನಾನು ಸಕಲೇಶಪುರ ಕಡೆಯ ಬೆಳೆಗಾರ. ಸೋಲಾರ್ ಮೇಲೆ ನನಗೆ ಕೋಪವಿಲ್ಲ. ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಪಾರ್ಕ್ ಎದ್ದಾಗ ನನಗೂ ಖುಷಿಯಾಗಿತ್ತು. ಆದರೆ ಕಂಪನಿ ಹತ್ತಿರ ಇರುವುದು ಒಂದೇ ಗಂಟು. ರಫ್ತಿಗಾಗಿ ಅಂತ ಅದನ್ನು ಬಿಚ್ಚುವಾಗ ರಫ್ತು ನಿಂತಿರುವುದು ಯಾವುದರ ಮೇಲೆ ಅಂತ ನೋಡಬೇಕು, ಅಲ್ವಾ?

ಮೊದಲು ಕಾರ್ಖಾನೆಯ ಮಾತನ್ನೇ ತೆಗೆದುಕೊಳ್ಳೋಣ. ಇನ್‌ಸ್ಟಂಟ್ ಕಾಫಿ ಅಂದರೆ ಹುರಿಯುವುದು, ಒತ್ತಡದ ಬಿಸಿನೀರಿನಲ್ಲಿ ಸತ್ವ ಇಳಿಸುವುದು, ನೀರು ಇಂಗಿಸುವುದು, ಒಣಗಿಸುವುದು. ಸ್ಪ್ರೇ ಡ್ರೈ ಮಾಡುವಾಗ ಒಳಗೆ ಬಿಡುವ ಗಾಳಿಯೇ 200 ಡಿಗ್ರಿ ದಾಟುತ್ತದೆ. ಇದೆಲ್ಲ ಬೆಂಕಿಯ ಕೆಲಸ, ಬಾಯ್ಲರ್ ಕೆಲಸ. ಸತ್ವ ಇಳಿಸಿ ಉಳಿದ ಕಾಫಿ ಚರಟವನ್ನು ಅದೇ ಬಾಯ್ಲರ್‌ಗೆ ಹಾಕಿ ಉರಿಸುತ್ತಾರೆ. ಒಳ್ಳೆಯ ಪದ್ಧತಿ. ಚಾವಣಿ ಮೇಲಿನ ಪ್ಯಾನೆಲ್ ಆ ಬಾಯ್ಲರ್‌ನ ಉರಿಗೆ ಏನೂ ಕೊಡುವುದಿಲ್ಲ. ಟೀ ಕತೆಯೂ ಹೀಗೇ. ಕೀನ್ಯಾದಲ್ಲಿ ಎಲೆ ಬಾಡಿಸುವ ಫ್ಯಾನು ಕರೆಂಟಿನಲ್ಲಿ ತಿರುಗಿದರೂ ಟೀ ಒಣಗುವುದು ಸೌದೆಯ ಶಾಖದಲ್ಲಿ. ಹೊಗೆ ಇಳಿಸಬೇಕು ಅನ್ನುವವರು ಹಬೆ ಪೈಪುಗಳಿಂದ ಸೋರುವ ಶಾಖ ಹಿಡಿಯುವುದರಿಂದ ಶುರು ಮಾಡಲಿ.

ಕರೆಂಟ್ ಹೋದಾಗ ಸೋಲಾರ್ ಕೈಹಿಡಿಯುತ್ತದೆ ಅಂತಲೂ ಬಹಳ ಜನ ಅಂದುಕೊಂಡಿದ್ದಾರೆ. ಗ್ರಿಡ್‌ಗೆ ಜೋಡಿಸಿದ ಸೋಲಾರ್, ಲೈನ್ ಹೋದ ಕೂಡಲೇ ತಾನೂ ಆಫ್ ಆಗುತ್ತದೆ. ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಮಾಡಿದ ವ್ಯವಸ್ಥೆ ಅದು. ಅದನ್ನು ಜನರೇಟರ್ ಜೊತೆ ಹೊಂದಿಸಲು, ಬ್ಯಾಟರಿ ಇಡಲು ಬೇರೆ ಖರ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮೋಡದ ಕೆಳಗೆ ಎಷ್ಟು ಯೂನಿಟ್ ಬರುತ್ತದೆ ಅಂತ ಇಲ್ಲಿ ಒಂದು ಮಳೆಗಾಲ ಕಳೆದವರಿಗೆ ಹೇಳಬೇಕಿಲ್ಲ.

ದೂರದ ಬಯಲುಸೀಮೆಯಲ್ಲಿ ಹಾಕಿ ಲೈನ್ ಮೇಲೆ ತರಿಸಿಕೊಳ್ಳಬಹುದು ನಿಜ. ಸ್ವಂತ ಬಳಕೆಯ ಸ್ಥಾವರ ಅನ್ನಿಸಿಕೊಳ್ಳಲು ಅದರ ಮಾಲೀಕತ್ವದಲ್ಲಿ ಶೇ 26 ಪಾಲಾದರೂ ಬಳಸುವವರದ್ದೇ ಇರಬೇಕು, ಶೇ 51 ಕರೆಂಟನ್ನಾದರೂ ಅವರೇ ಬಳಸಬೇಕು. ಅಷ್ಟಾದರೂ ವ್ಹೀಲಿಂಗ್ (ಲೈನ್ ಮೇಲೆ ಕರೆಂಟ್ ಸಾಗಿಸಲು ಕೊಡುವ ಶುಲ್ಕ), ಬ್ಯಾಂಕಿಂಗ್ (ಹೆಚ್ಚಾದ ಯೂನಿಟ್ ಗ್ರಿಡ್‌ಗೆ ಕೊಟ್ಟು ಆಮೇಲೆ ವಾಪಸ್ ಪಡೆಯುವುದು) ನಿಯಮ ನಂಬುವಂತಿಲ್ಲ. ನಮ್ಮ ರಾಜ್ಯದಲ್ಲೇ 2014ರಲ್ಲಿ ಸೋಲಾರ್‌ಗೆ ಹತ್ತು ವರ್ಷ ಈ ಶುಲ್ಕ ಇಲ್ಲ ಅಂದರು. 2018ರಲ್ಲಿ ಹಾಕಲು ಹೊರಟರು. ಕಂಪನಿಗಳು ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. 25 ವರ್ಷದ ದರ ಇವತ್ತೇ ಗೊತ್ತು ಅನ್ನುವ ಮಾತು ಚಾವಣಿಗೆ ಒಪ್ಪಬಹುದು, ಲೈನ್ ಮೇಲೆ ಬರುವುದಕ್ಕೆ ಒಪ್ಪುವುದು ಕಷ್ಟ.

ಈಗ ರಫ್ತಿಗೆ ಬರೋಣ. 2023-24ರಲ್ಲಿ ಭಾರತದ ಕಾಫಿ ರಫ್ತು ಸುಮಾರು 129 ಕೋಟಿ ಡಾಲರ್. 2024-25ರಲ್ಲಿ 180 ಕೋಟಿ. ಈ ಜಿಗಿತದ ಬಹುಪಾಲು ಬೆಲೆ ಏರಿದ್ದರಿಂದ ಬಂತು. ವಿಯೆಟ್ನಾಂ, ಬ್ರೆಜಿಲ್‌ನಲ್ಲಿ ಬೆಳೆ ಸೊರಗಿತ್ತು. ಅವರ ಬೆಳೆ ಸರಿಹೋದ ದಿನ ನಮ್ಮ ಮಾಲು ನಿಲ್ಲಬೇಕಾದ್ದು ಗುಣದ ಮೇಲೆ.

ಗುಣ ಹಾಳಾಗುವುದು ಎಲ್ಲಿ ಅಂತ ನನ್ನ ಕಣದಲ್ಲಿ ಬಂದು ನೋಡಿ. ಹಣ್ಣನ್ನು ಹಾಗೇ ಚೆರಿಯಾಗಿ ಒಣಗಿಸಲು ಎರಡು ವಾರದಷ್ಟು ಒಳ್ಳೆಯ ಬಿಸಿಲು ಬೇಕು. ಪಲ್ಪರ್ ಯಂತ್ರಕ್ಕೆ ಹಾಕಿ ಹಣ್ಣಿನ ಸಿಪ್ಪೆ ತೆಗೆದು ಪಾರ್ಚ್‌ಮೆಂಟ್ (ತೆಳು ಹೊಟ್ಟಿರುವ ಬೀಜ) ಮಾಡಿದರೆ ಒಂದು ವಾರಕ್ಕಿಂತ ಸ್ವಲ್ಪ ಜಾಸ್ತಿ. ತೇವ ಶೇ 11ರ ಆಸುಪಾಸಿಗೆ ಇಳಿಯಬೇಕು. ಈಚಿನ ವರ್ಷಗಳಲ್ಲಿ ಡಿಸೆಂಬರ್, ಜನವರಿಯಲ್ಲೂ ಮಳೆ ಬರುತ್ತಿದೆ. ಒಂದು ಜನವರಿ ನಮ್ಮಲ್ಲಿ ಮೂರು ದಿನ ಬಿಡದೆ ಸುರಿಯಿತು. ಟಾರ್ಪಾಲಿನ ಕೆಳಗೆ ರಾಶಿ ಹಾಕಿದ ಚೆರಿ ಬೆಚ್ಚಗಾಯಿತು, ಆಮೇಲೆ ಬೂಸ್ಟು ಬಂತು. ಅಪ್ಪ ಕೈಯಲ್ಲಿ ಒಂದು ಹಿಡಿ ಎತ್ತಿ ಮೂಸಿ ಏನೂ ಹೇಳದೆ ಒಳಗೆ ಹೋದರು. ಆ ವರ್ಷ ಚೀಲಕ್ಕೆ ಸಿಕ್ಕಿದ ಬೆಲೆ ಕೊಯ್ದ ಆಳುಗಳ ಕೂಲಿಗೆ ಸರಿಹೋಯಿತು.

ಆ ಬೂಸ್ಟಿನಿಂದ ಓಕ್ರಾಟಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಹುರಿದರೂ ಪೂರ್ತಿ ಹೋಗುವುದಿಲ್ಲ. ಯುರೋಪಿನಲ್ಲಿ ಇನ್‌ಸ್ಟಂಟ್ ಕಾಫಿಗೆ ಕಿಲೋಗೆ 10 ಮೈಕ್ರೋಗ್ರಾಂ ಇದ್ದ ಮಿತಿ 2023ರಿಂದ 5ಕ್ಕೆ ಇಳಿದಿದೆ. ಹುರಿದ ಕಾಫಿಗೆ 5 ಇದ್ದದ್ದು 3 ಆಗಿದೆ. ಈ ಮಿತಿ ದಾಟಿದ ಕಂಟೇನರ್ ಬಂದರಿನಲ್ಲೇ ನಿಲ್ಲುತ್ತದೆ. ಚಾವಣಿ ಮೇಲೆ ಎಷ್ಟು ಪ್ಯಾನೆಲ್ ಇದ್ದರೂ ಅದನ್ನು ಬಿಡಿಸಲು ಆಗುವುದಿಲ್ಲ.

ಯುರೋಪಿನ ಕಾಡು ಉಳಿಸುವ ಕಾನೂನು ಕೇಳುತ್ತಿರುವುದೂ ತೋಟದ ಲೆಕ್ಕವನ್ನೇ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅವರಿಗೆ ಬೇಡ. ಪ್ರತಿ ತುಂಡು ತೋಟ ಎಲ್ಲಿದೆ ಅಂತ ಜಿಪಿಎಸ್ ಗುರುತು ಬೇಕು. ಜಾರಿಯ ದಿನ ಮುಂದೆ ಹೋಗಿರಬಹುದು, ಕಾನೂನು ಇದೆ. ನಮ್ಮಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಬೆಳೆಗಾರರು ಸಣ್ಣವರು. ಕಾಫಿ ಬೋರ್ಡ್ ಆ್ಯಪ್‌ನಲ್ಲಿ ನೋಂದಣಿ ಮಾಡಿಸುತ್ತಿದೆ. ಎರಡು ಎಕರೆ ಇರುವ ಅಜ್ಜಿಯ ಹತ್ತಿರ ಯಾರು ಹೋಗಿ ಕೂತು ಇದನ್ನು ಮಾಡಿಸಿಕೊಡುತ್ತಾರೆ? ನಮ್ಮ ಕಾಫಿ ನೆರಳಲ್ಲಿ ಬೆಳೆಯುತ್ತದೆ, ಕಾಡುಮರಗಳ ಕೆಳಗೆ. ಇದಕ್ಕಿಂತ ದೊಡ್ಡ ಹಸಿರು ಗುರುತು ನಮಗೆ ಬೇಕಾ? ಅದನ್ನು ಕಾಗದದ ಮೇಲೆ ತೋರಿಸಲು ದುಡ್ಡು ಹಾಕುವವರು ಬೇಕು.

ಹಸಿರು ಕರೆಂಟಿನ ಸರ್ಟಿಫಿಕೇಟ್ ಗಿರಾಕಿ ಕೇಳಿದರೆ ಯೂನಿಟ್‌ಗೆ ಸ್ವಲ್ಪ ಹೆಚ್ಚು ಕೊಟ್ಟು ವಿದ್ಯುತ್ ಕಂಪನಿಯಿಂದಲೇ ಪಡೆಯಬಹುದು. ಶರಾವತಿ, ಕಾಳಿ ನದಿಗಳ ಕರೆಂಟ್, ಚಿತ್ರದುರ್ಗದ ಗಾಳಿ, ಪಾವಗಡದ ಬಿಸಿಲು ಎಲ್ಲ ನಮ್ಮ ಗ್ರಿಡ್‌ನಲ್ಲೇ ಇದೆ.

ಹಾಗಾಗಿ ಕಂಪನಿಯವರಿಗೆ ನಾನು ಕೇಳುವುದು ಇಷ್ಟು. ಊರಿಗೊಂದು ಪಾರದರ್ಶಕ ಶೀಟಿನ ಒಣಗಿಸುವ ಮನೆ ಕಟ್ಟಿಕೊಡಿ. ಮೇಲೆ ಮಳೆ ಬಂದರೂ ಒಳಗೆ ಬಿಸಿಲಿನ ಶಾಖ ನಿಲ್ಲುವಂಥದ್ದು. ಅದೂ ಸೋಲಾರೇ. ಚೀಲ ಕೊಳ್ಳುವ ಕಡೆಯೆಲ್ಲ ತೇವ ನೋಡುವ ಮೀಟರ್ ಇಡಿ, ಚೆನ್ನಾಗಿ ಒಣಗಿಸಿದವರಿಗೆ ಕಿಲೋಗೆ ಎರಡು ರೂಪಾಯಿ ಜಾಸ್ತಿ ಕೊಡಿ. ನವೆಂಬರ್‌ಗೆ ಮುಂಚೆ ಶುರು ಮಾಡಿದರೆ ಬರುವ ಕೊಯ್ಲಿಗೇ ಸಿಗುತ್ತದೆ.