ಬ್ಯಾಕಪ್ ಇದೆ ಅಂದುಕೊಂಡಿದ್ದೆ, ಒಮ್ಮೆಯೂ ತೆರೆದು ನೋಡಿರಲಿಲ್ಲ

ನಮ್ಮ ಮಂಡ್ಯ ಕಡೆಯ ಸೋಬಾನೆ ಪದಗಳನ್ನು ಕೂಡಿಸಿಟ್ಟಿದ್ದ ವೆಬ್‌ಸೈಟ್ ಹೋದ ವರ್ಷ ಆಷಾಢದಲ್ಲಿ ಒಂದು ರಾತ್ರಿ ಬಿದ್ದುಹೋಯಿತು. ಪ್ಲಗಿನ್ (ಸೈಟ್‌ಗೆ ಸೇರಿಸಿಕೊಳ್ಳುವ ಚಿಕ್ಕ ಪ್ರೋಗ್ರಾಂ) ಅಪ್‌ಡೇಟ್ ಮಾಡುವಾಗ, ಹಾಡುಗಳ ಹೆಸರು, ಸಾಹಿತ್ಯ ಎಲ್ಲ ಇದ್ದ ಡೇಟಾಬೇಸ್ ಕೆಟ್ಟಿತ್ತು. ಆಗ ನನಗೆ ಭಯವೇನೂ ಆಗಲಿಲ್ಲ. ಹೋಸ್ಟಿಂಗ್, ಅಂದ್ರೆ ಸೈಟ್ ಇಡಲು ಬಾಡಿಗೆ ಜಾಗ, ತಗೊಳ್ಳುವಾಗಲೇ "ದಿನಾ ಬ್ಯಾಕಪ್, ಉಚಿತ" ಅಂತ ಹೇಳಿದ್ದರಲ್ಲ. ಬೆಳಗ್ಗೆ ಫೋನ್ ಮಾಡಿದರಾಯ್ತು ಅಂತ ಮಲಗಿದೆ.

"ಸಾರ್, ನಿಮ್ಮ ಅಕೌಂಟ್ 20 ಜಿಬಿ ದಾಟಿದೆ. ದಾಟಿದ್ರೆ ನಾವು ಬ್ಯಾಕಪ್ ಮಾಡಲ್ಲ. ಕಂಡೀಷನ್ಸ್‌ನಲ್ಲೇ ಇದೆ" ಅಂದ ಫೋನ್ ಎತ್ತಿದ ಹುಡುಗ. ಹುಡುಕಿ ಓದಿದೆ, ಇತ್ತು. ಹಾಡಿನ ಆಡಿಯೊ ಸೇರಿಸುತ್ತಾ ಹೋದ ಹಾಗೆ ನಾವು ಯಾವತ್ತೋ ಮಿತಿ ದಾಟಿದ್ದೆವು. ದಾಟಿದ ದಿನ ಒಂದು ಮೇಲ್ ಕೂಡ ಬಂದಿರಲಿಲ್ಲ. ಇದು ತಪ್ಪು ಅಂತ ಇವತ್ತಿಗೂ ಹೇಳುತ್ತೇನೆ. ಬ್ಯಾಕಪ್ ನಿಲ್ಲಿಸುವುದು ಅವರ ನಿಯಮ ಇರಬಹುದು. ನಿಲ್ಲಿಸಿದ್ದೇವೆ ಅಂತ ತಿಳಿಸಬೇಕಲ್ವಾ?

ನನ್ನ ಹತ್ತಿರ ಪೆನ್‌ಡ್ರೈವ್‌ನಲ್ಲಿ ಹಳೇ ಡೇಟಾಬೇಸ್ ಪ್ರತಿಯೊಂದಿತ್ತು. ಅದನ್ನು ಇಂಪೋರ್ಟ್ ಮಾಡಿದೆ. ತಾರೀಖುಗಳು ಸರಿಯಾಗಿದ್ದವು. ಇಂಗ್ಲಿಷ್ ಲಿಂಕುಗಳೂ ಸರಿ. ಹಾಡಿನ ಹೆಸರು ಇರಬೇಕಾದ ಕಡೆ "????? ????" ಅಂತಿತ್ತು. ಹಾಡಿದವರ ಹೆಸರು, ಊರು, ಸಾಲು ಸಾಲು ಸಾಹಿತ್ಯ, ಎಲ್ಲ ಬರೀ ಪ್ರಶ್ನೆ ಚಿಹ್ನೆ.

ಕನ್ನಡದಲ್ಲಿ ಸೈಟ್ ನಡೆಸುವವರು ಇದನ್ನು ದಯವಿಟ್ಟು ಗಮನಿಸಿ. ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್ ತಂತ್ರಾಂಶದ 8.0 ಆವೃತ್ತಿ ಬರುವ ತನಕ, ನಾವು ಬೇರೆ ಹೇಳದಿದ್ದರೆ ಅದು ಬಳಸುತ್ತಿದ್ದ ಅಕ್ಷರ ವ್ಯವಸ್ಥೆ ಲ್ಯಾಟಿನ್-1. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಪ್ರತಿ ತೆಗೆಯುವಾಗ ಯೂನಿಕೋಡ್ (ಕನ್ನಡವೂ ಸೇರಿದ ಅಕ್ಷರ ವ್ಯವಸ್ಥೆ) ಅಂತ ಹೇಳದೆ ಹೋದರೆ ಒಂದೊಂದು ಅಕ್ಷರದ ಬದಲಿಗೂ ಒಂದು ಪ್ರಶ್ನೆ ಚಿಹ್ನೆ ಬರೆದುಬಿಡಬಹುದು. ವಿಚಿತ್ರ ಅಕ್ಷರಗಳು ಕಂಡರೆ ಎಷ್ಟೋ ಸಲ ಸರಿಮಾಡಬಹುದು. ಪ್ರಶ್ನೆ ಚಿಹ್ನೆ ಆದರೆ ಅಲ್ಲಿ ಮೂಲ ಅಕ್ಷರವೇ ಉಳಿದಿರುವುದಿಲ್ಲ. ನನ್ನ ಪ್ರತಿ ತೆಗೆದ ದಿನದಿಂದಲೇ ಸತ್ತಿತ್ತು. ನೋಟ್‌ಪ್ಯಾಡ್‌ನಲ್ಲಿ ಒಮ್ಮೆ ತೆರೆದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ದೊಡ್ಡವರಿಗೂ ಹೀಗೆ ಆಗಿದೆ. 2017ರ ಜನವರಿ 31ರಂದು, ಪ್ರೋಗ್ರಾಮರ್‌ಗಳು ಕೋಡ್ ಇಡುವ ಗಿಟ್‌ಲ್ಯಾಬ್ ಸೈಟ್‌ನ ಒಬ್ಬ ಇಂಜಿನಿಯರ್ ತಪ್ಪಿ ಮುಖ್ಯ ಸರ್ವರ್‌ನ ಡೇಟಾಬೇಸನ್ನೇ ಅಳಿಸಿದರು. ದಿನವೂ ಆಗಬೇಕಿದ್ದ ಬ್ಯಾಕಪ್, ಅದನ್ನು ತೆಗೆಯುವ ಪ್ರೋಗ್ರಾಂನ ಆವೃತ್ತಿ ಡೇಟಾಬೇಸ್ ಆವೃತ್ತಿಗೆ ಹೊಂದದೆ, ಸುಮ್ನೆ ಸೋಲುತ್ತಿತ್ತು. ಸೋತಿದೆ ಅನ್ನುವ ಮೇಲ್‌ಗಳೂ ಯಾರಿಗೂ ತಲುಪುತ್ತಿರಲಿಲ್ಲ. ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆ ಅಂತ ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ 2021ರ ಮಾರ್ಚ್ 10ರಂದು ಓವಿಎಚ್ ಅನ್ನುವ ಹೋಸ್ಟಿಂಗ್ ಕಂಪನಿಯ ಡೇಟಾ ಸೆಂಟರ್ (ಸರ್ವರ್‌ಗಳಿರುವ ಕಟ್ಟಡ) ಸುಟ್ಟಾಗ ಕೆಲವು ಗ್ರಾಹಕರ ಬ್ಯಾಕಪ್ ಕೂಡ ಅದೇ ಬೆಂಕಿಯಲ್ಲಿ ಹೋಯಿತು.

ಹಾಗಾಗಿ ಈಗ ತಿಂಗಳ ಮೊದಲ ಭಾನುವಾರ ನಾನೇ ಕೂರುತ್ತೇನೆ. ಡೇಟಾಬೇಸ್ ಬೇರೆ, ಆಡಿಯೊ ಇರುವ ಅಪ್‌ಲೋಡ್ಸ್ ಫೋಲ್ಡರ್ ಬೇರೆ ಇಳಿಸಿಕೊಳ್ಳುತ್ತೇನೆ. ಹೋಸ್ಟಿಂಗ್ ನೋಡಿಕೊಳ್ಳಲು ಕೊಡುವ ಸಿಪ್ಯಾನೆಲ್ ಅನ್ನುವ ತಂತ್ರಾಂಶದ ಫುಲ್ ಬ್ಯಾಕಪ್ ಒಂದನ್ನೇ ನಂಬಬೇಡಿ, ಅದನ್ನು ಗ್ರಾಹಕರಾಗಿ ನಾವೇ ವಾಪಸ್ ಹಾಕಲು ಬರುವುದಿಲ್ಲ, ಹೋಸ್ಟಿಂಗ್‌ನವರೇ ಹಾಕಬೇಕು. ಒಂದು ಪ್ರತಿ ನನ್ನ ಹಾರ್ಡ್‌ಡಿಸ್ಕ್‌ನಲ್ಲಿ, ಇನ್ನೊಂದು ಮೈಸೂರಿನಲ್ಲಿ ತಮ್ಮನ ಮನೆಯಲ್ಲಿ. ಆಮೇಲೆ ಹಳೇ ಲ್ಯಾಪ್‌ಟಾಪ್‌ನಲ್ಲಿ ಇಡೀ ಸೈಟ್ ಎಬ್ಬಿಸಿ ನಾಲ್ಕು ಹಾಡು ಓದಿ ನೋಡುತ್ತೇನೆ. ಒತ್ತು, ದೀರ್ಘ ಎಲ್ಲ ಕೂತಿದೆಯಾ ಅಂತ. ಎರಡು ಗಂಟೆ ಹಿಡಿಯುತ್ತದೆ.

ಕಳೆದುಹೋದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಪುಟಗಳು ವೆಬ್ ಪುಟಗಳ ಹಳೇ ಪ್ರತಿ ಉಳಿಸಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಸಿಕ್ಕವು. ಒಂದೊಂದಾಗಿ ನಕಲು ಮಾಡಿ ತಂದೆ. ಉಳಿದವುಗಳದ್ದೇ ಸಂಕಟ. ಆಡಿಯೊ ಫೈಲ್‌ಗಳು ಸರ್ವರ್‌ನಲ್ಲಿ ಹಾಗೇ ಇದ್ದವು, ಆದರೆ ಅವಕ್ಕೆ ಬರೀ ನಂಬರ್. ದನಿ ಇದೆ, ಯಾರ ದನಿ ಅಂತ ಇಲ್ಲ.

ಆ ಫೈಲ್‌ಗಳನ್ನೆಲ್ಲ ಫೋನ್‌ಗೆ ಹಾಕಿಕೊಂಡು ಊರಿಗೆ ಹೋಗಿ ದೊಡ್ಡಮ್ಮನಿಗೆ ಕೇಳಿಸಿದೆ. ಜಗಲಿ ಮೇಲೆ ಕೂತು, ಕಣ್ಣು ಮುಚ್ಚಿ, ಒಂದೊಂದಕ್ಕೂ ಹೆಸರು ಹೇಳುತ್ತಾ ಹೋದರು. ನಾನು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. 147ನೇ ನಂಬರ್ ಬಂದಾಗ ಮಾತ್ರ ಮತ್ತೆ ಹಾಕಿಸಿದರು. ಮೂರು ಸಲ ಕೇಳಿದರು.

"ಧಾರೆ ಪದ ಕಣಪ್ಪ, ನಾವೂ ಹಾಡ್ತಿದ್ದದ್ದೇ. ಹಾಡ್ದೋಳು ಯಾರೋ ಗೊತ್ತಾಯ್ತಿಲ್ಲ" ಅಂದರು.