ಯಾರಿಂದ ಮುಚ್ಚಿಟ್ಟ ಗುಟ್ಟು?

ನಿನ್ನೆ ಒಂದು ಕಾಲೇಜಿನ ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ವಿಯೆಟ್ನಾಂ ಯುದ್ಧದ ಗುಟ್ಟನ್ನು ಪತ್ರಿಕೆಗೆ ಕೊಟ್ಟ ಅಮೆರಿಕದ ಡೇನಿಯಲ್ ಎಲ್ಸ್‌ಬರ್ಗ್ ದೇಶದ್ರೋಹಿ ಎಂದು ಹುಡುಗನೊಬ್ಬ ಮೇಜು ಕುಟ್ಟಿ ಹೇಳಿದಾಗ ಸಭಾಂಗಣವೆಲ್ಲ ಚಪ್ಪಾಳೆ ತಟ್ಟಿತು. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಆ ಗುಟ್ಟನ್ನು ಯಾರಿಂದ ಮುಚ್ಚಿಟ್ಟಿದ್ದರು ಎಂದು ಅಷ್ಟು ಜನರಲ್ಲಿ ಒಬ್ಬರೂ ಕೇಳಲಿಲ್ಲವಲ್ಲ, ಆ ಸಂಕಟದಲ್ಲಿ ರಾತ್ರಿ ನಿದ್ದೆ ಹತ್ತಲಿಲ್ಲ.

ಎಲ್ಸ್‌ಬರ್ಗ್ ಅಮೆರಿಕದ ಮರೀನ್ ಪಡೆಯಲ್ಲಿ ಅಧಿಕಾರಿಯಾಗಿದ್ದವರು, ಅಲ್ಲಿನ ರಕ್ಷಣಾ ಇಲಾಖೆಯಾದ ಪೆಂಟಗನ್ನಿನಲ್ಲಿ ಕೆಲಸ ಮಾಡಿದವರು, ವಿಯೆಟ್ನಾಮಿನಲ್ಲೇ ಎರಡು ವರ್ಷ ಇದ್ದು ಯುದ್ಧವನ್ನು ಕಣ್ಣಾರೆ ಕಂಡವರು. ರಕ್ಷಣಾ ಕಾರ್ಯದರ್ಶಿ ಮೆಕ್‌ನಮಾರ 1967ರಲ್ಲಿ ಬರೆಯಲು ಹಚ್ಚಿದ ಯುದ್ಧದ ಒಳಚರಿತ್ರೆ, 47 ಸಂಪುಟಗಳ ಸುಮಾರು 7,000 ಪುಟ, ಅವರ ಕೈಗೆ ಬಂದಿತ್ತು. ಅದರೊಳಗಿದ್ದ 1965ರ ಒಂದು ಟಿಪ್ಪಣಿಯಲ್ಲಿ ಜಾನ್ ಮೆಕ್‌ನಾಟನ್ ಎಂಬ ಹಿರಿಯ ಅಧಿಕಾರಿ ಯುದ್ಧದ ಉದ್ದೇಶವನ್ನು ಲೆಕ್ಕ ಹಾಕಿ ಹಂಚಿದ್ದಾರೆ: ಅವಮಾನಕರ ಸೋಲನ್ನು ತಪ್ಪಿಸಿಕೊಳ್ಳಲು ಶೇ. 70, ನೆಲ ಚೀನಾದ ಪಾಲಾಗದಂತೆ ತಡೆಯಲು ಶೇ. 20, ಅಲ್ಲಿನ ಜನ ನೆಮ್ಮದಿಯಾಗಿ ಬಾಳಲೆಂದು ಶೇ. 10.

ಆ ಪುಟಗಳಲ್ಲಿದ್ದ ಗುಟ್ಟುಗಳನ್ನೇ ನೋಡಿ. ನೆರೆಯ ಲಾವೋಸಿನ ಮೇಲೆ ಬಾಂಬು ಬೀಳುತ್ತಿದ್ದುದು ಲಾವೋಸಿನ ರೈತರಿಗೆ ಗೊತ್ತಿತ್ತು. ಉತ್ತರ ವಿಯೆಟ್ನಾಮಿನ ಕರಾವಳಿಯಲ್ಲಿ ಗುಪ್ತ ದಾಳಿ ನಡೆಯುತ್ತಿದ್ದುದು ಅದರ ರಾಜಧಾನಿ ಹನೋಯಿಗೆ ಗೊತ್ತಿತ್ತು. ಗೊತ್ತಿಲ್ಲದವರೆಂದರೆ ಮಗನನ್ನು ಆ ಯುದ್ಧಕ್ಕೆ ಕಳಿಸಿಕೊಟ್ಟ ಅಮೆರಿಕದ ತಂದೆತಾಯಿಗಳು.

1969ರ ಅಕ್ಟೋಬರಿನಿಂದ ಒಂದು ಜಾಹೀರಾತು ಕಚೇರಿಯ ಜೆರಾಕ್ಸ್ ಯಂತ್ರದ ಮುಂದೆ ರಾತ್ರಿಯೆಲ್ಲ ನಿಂತು ಎಲ್ಸ್‌ಬರ್ಗ್ ಒಂದೊಂದೇ ಹಾಳೆಯನ್ನು ನಕಲು ಮಾಡಿದರು. ಹದಿಮೂರರ ಮಗ ಕೈಜೋಡಿಸಿದ. ಹತ್ತು ವರ್ಷದ ಮಗಳು ಕತ್ತರಿ ಹಿಡಿದು ಹಾಳೆಗಳಲ್ಲಿದ್ದ ‘ಪರಮ ರಹಸ್ಯ’ ಎಂಬ ಮುದ್ರೆಯನ್ನು ಕತ್ತರಿಸಿ ತೆಗೆದಳು. ಅವರು ಮೊದಲು ಬಾಗಿಲು ತಟ್ಟಿದ್ದು ಸೆನೆಟರುಗಳದ್ದು. ಅಲ್ಲಿ ಯಾರೂ ಅದನ್ನು ಬಯಲಿಗೆ ತರಲು ಒಪ್ಪದಿದ್ದಾಗ ಮಾತ್ರ ಪತ್ರಿಕೆಯ ಕಡೆ ತಿರುಗಿದರು. 1971ರ ಜೂನ್ 13ರಂದು ನ್ಯೂಯಾರ್ಕ್ ಟೈಮ್ಸ್ ಅಚ್ಚು ಹಾಕಿತು.

ಸೈನಿಕರ ಪ್ರಾಣಕ್ಕೆ ಅಪಾಯವಾಗುವುದಿಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ಪಡೆ ಎಲ್ಲಿಗೆ ಹೊರಟಿದೆ ಎಂಬುದನ್ನು ಹೊರಗೆ ಹಾಕಿದರೆ ಖಂಡಿತ ಅಪಾಯ, ಒಪ್ಪಿದೆ. ಆದರೆ ಸಂಧಾನದ ಮಾತುಕತೆಗೆ ಧಕ್ಕೆಯಾದೀತೆಂದು ನಾಲ್ಕು ಸಂಪುಟಗಳನ್ನು ಪತ್ರಿಕೆಗೆ ಕೊಡದೆ ಉಳಿಸಿಕೊಂಡವರು ಇದೇ ಎಲ್ಸ್‌ಬರ್ಗ್. ಪ್ರಕಟಣೆ ತಡೆಯಬೇಕೆಂದು ಸುಪ್ರೀಂ ಕೋರ್ಟಿನಲ್ಲಿ ಸರ್ಕಾರದ ಪರ ವಾದಿಸಿ ಸೋತ ಎರ್ವಿನ್ ಗ್ರಿಸ್ವೋಲ್ಡ್ ಅವರೇ 1989ರಲ್ಲಿ, ಆ ಪ್ರಕಟಣೆಯಿಂದ ದೇಶದ ಭದ್ರತೆಗೆ ಅಪಾಯವಾದ ಸುಳಿವನ್ನೇ ತಾವು ಕಾಣಲಿಲ್ಲ ಎಂದು ಬರೆದರು. ಇದಾದ ಮೇಲೂ ಅದೇ ಪ್ರಶ್ನೆ ಕೇಳುವವರಿಗೆ ಇನ್ನೇನು ಹೇಳಲಿ?

ನಾನು ಸರ್ಕಾರಿ ಕಚೇರಿಯಲ್ಲಿ ಕಡತ ನೋಡಿಯೇ ತಲೆ ನರೆಸಿಕೊಂಡವನೆಂದು ನಿಮಗೆ ಗೊತ್ತು. ಒಮ್ಮೆ ಮೇಲಿನವರ ಮಾತಿನಂತೆ ಒಂದು ಕಡತದ ಮೇಲೆ ಕೆಂಪು ಶಾಯಿಯಲ್ಲಿ ‘ಗೋಪ್ಯ’ ಎಂದು ಬರೆದೆ. ಅದರೊಳಗಿದ್ದದ್ದು ಒಬ್ಬ ಅಧಿಕಾರಿಯ ತಪ್ಪು, ಅಷ್ಟೇ. ಆ ತಪ್ಪಿನಿಂದ ನಷ್ಟವಾದವರು ಹೊರಗಿನ ಬೆಂಚಿನ ಮೇಲೆ ಕಾಯುತ್ತ ಕುಳಿತಿದ್ದರು. ಯಾವ ಶತ್ರುವಿನಿಂದಲೂ ಅಲ್ಲ, ಅವರಿಂದ ಅದನ್ನು ಮುಚ್ಚಿಟ್ಟೆ. 115 ವರ್ಷದ ಸೆರೆವಾಸ ಎದುರಿಗಿದ್ದರೂ ಎಲ್ಸ್‌ಬರ್ಗ್ ಹಿಂಜರಿಯಲಿಲ್ಲ. ನನ್ನ ಮುಂದೆ ಇದ್ದದ್ದು ಒಂದು ವರ್ಗಾವಣೆಯ ಭಯ.

ಹುಡುಗ ಚೆನ್ನಾಗಿ ಮಾತನಾಡಿದ್ದ, ಬಹುಮಾನ ಅವನಿಗೇ ಬಂತು. ಕೊನೆಗೆ ನನ್ನನ್ನೂ ಎರಡು ಮಾತಾಡಿ ಎಂದು ಕರೆದರು. ಹೊತ್ತಾಯಿತೆಂದು ಹೇಳಿ ಕುಳಿತೇ ಇದ್ದೆ. ಅಲ್ಲಿ ಹೇಳಬೇಕಾಗಿದ್ದದ್ದು ಇದು.