ಭೂತ ಯಾರ ಮನೆಯದು?

ಥಾಯ್ಲೆಂಡಿನ ದೆವ್ವ ಅಂದರೆ ಎಲ್ಲರ ಬಾಯಲ್ಲೂ ಬರೋದು ಮೇ ನಾಕ್. ಹೆರಿಗೆಯಲ್ಲಿ ಸತ್ತರೂ ಗಂಡನನ್ನು ಬಿಡದ ಹೆಂಗಸು. ಬ್ಯಾಂಕಾಕಿನ ವಾಟ್ ಮಹಾಬುತ್‌ನಲ್ಲಿ ಅವಳಿಗೆ ಗುಡಿಯೇ ಇದೆ. ಜನ ಬಟ್ಟೆ ಅರ್ಪಿಸಿ ಲಾಟರಿ ನಂಬರ್ ಕೇಳುತ್ತಾರೆ! ಅವಳಿಂದ ಯಾರಿಗೂ ತೊಂದರೆ ಇಲ್ಲ ಬಿಡಿ.

ನನಗೆ ಭಯ ಆಗೋದು ಈಶಾನ್ಯದ ಇಸಾನ್ ಸೀಮೆಯ 'ಪೀ ಪೋಪ್' ಕಂಡರೆ. ಇದು ಬದುಕಿರುವವರೊಳಗೇ ಸೇರಿಕೊಂಡಿರುತ್ತದಂತೆ. ಮಂತ್ರ ಕಲಿತವನು ಗುರು ಹಾಕಿದ ಕಟ್ಟಳೆ ಮುರಿದರೆ ಆ ವಿದ್ಯೆಯೇ ಪೋಪ್ ಆಗಿ ತಿರುಗುತ್ತದೆ, ಆಮೇಲೆ ಬೇರೆಯವರ ಮೈಹೊಕ್ಕು ಕರುಳು, ಈಲಿ ತಿನ್ನುತ್ತದೆ ಅಂತ ನಂಬಿಕೆ.

ಯಾರಿಗೋ ಜ್ವರ ಬಂತು, ಬಡಬಡಿಸತೊಡಗಿದರು ಅನ್ನಿ. ಮಂತ್ರವಾದಿ ಬರುತ್ತಾನೆ. ರೋಗಿಗೆ ನೂಲು ಕಟ್ಟುತ್ತಾನೆ, ಮಂತ್ರಿಸಿದ ನೀರು ಚಿಮುಕಿಸುತ್ತಾನೆ, ಬೆತ್ತ ಎತ್ತುತ್ತಾನೆ. 'ಯಾರು ನೀನು? ಯಾರ ಮನೆಯಿಂದ ಬಂದೆ?' ರೋಗಿ ಒಂದು ಹೆಸರು ಹೇಳುತ್ತಾನೆ. ನಾಳೆಗೆ ಅಂಟಕ್ಕಿ ನೆನೆಹಾಕಿ ಮಲಗಿದ ಪಕ್ಕದ ಮನೆಯವರ ಹೆಸರು! ಬೆಳಗಾದರೆ ಅವರು ಊರಿಗೇ ಬೇಡದವರು.

ಸುಮ್ನೆ ಹೇಳುತ್ತಿಲ್ಲ. ಯಸೋಥೋನ್ ಪ್ರಾಂತ್ಯದ ಸೋಂಗ್ಯೇ ಊರಲ್ಲಿ ಪೂರ್ತಿ ಮರದ ದೊಡ್ಡ ಚರ್ಚ್ ಇದೆ. ಅದರ ಬೇರು ಇರೋದು 1908ರಲ್ಲಿ. ಪೀ ಪೋಪ್ ದೆವ್ವ ಅನ್ನಿಸಿಕೊಂಡು ಊರು ಬಿಟ್ಟ ಐದು ಕುಟುಂಬಗಳು ಕ್ಯಾಥೊಲಿಕ್ ಪಾದ್ರಿಗಳ ಮೊರೆಹೋದವು. ದೆವ್ವ ಅನ್ನಿಸಿಕೊಂಡವರ ಊರಿನ ಚರ್ಚು ಸೈತಾನನನ್ನು ಸೋಲಿಸಿದ ಮಿಕೇಲ್ ದೂತನ ಹೆಸರಲ್ಲಿದೆ, ನೋಡಿ. ಉತ್ತರದ ಚಿಯಾಂಗ್ ಮಾಯ್ ಕಡೆ 'ಪೀ ಕಾ' ಅನ್ನೋ ದೆವ್ವ ಇನ್ನೂ ಕ್ರೂರ. ಅದು ತಾಯಿಯಿಂದ ಮಗಳಿಗೆ ಬರುತ್ತದಂತೆ. ಅಂದರೆ ಕಳಂಕ ಹುಟ್ಟಿನಿಂದಲೇ.

ಮೈಮೇಲೆ ಬರೋದೆಲ್ಲ ಕೆಟ್ಟದ್ದು ಅಂತ ನಾನು ಹೇಳಲ್ಲ. ಅದೇ ಇಸಾನಿನಲ್ಲಿ 'ಪೀ ಫಾ' ಇದೆ, ಆಕಾಶದ ದೈವ. ಬಿದಿರಿನ ಖೇನ್ ವಾದ್ಯ ಊದುತ್ತಾರೆ, ದೈವ ಬಂದ ಹೆಂಗಸರು ರೋಗಿಯ ಸುತ್ತ ಕುಣಿಯುತ್ತಾರೆ, ರೋಗಿಯೂ ಎದ್ದು ಕುಣಿಯುವುದುಂಟು. ಕಾಯಿಲೆಯವರ ಜೊತೆ ನಾಲ್ಕು ಜನ ರಾತ್ರಿ ಕೂತರೆ ಅರ್ಧ ಕಾಯಿಲೆ ಹೋಗುತ್ತೆ, ಅಲ್ವಾ?

ಈಗಲೂ ಊರಲ್ಲಿ ಸಾಲಾಗಿ ಸಾವಾದರೆ ಮನೆಮನೆಯಿಂದ ದುಡ್ಡು ಎತ್ತಿ, ಪೋಪ್ ಹಿಡಿಯುವವರನ್ನು ಕರೆಸುವುದುಂಟು. ಬಿದಿರಿನ ಕೊಳವೆಗೆ ದೆವ್ವ ತುಂಬಿ, ಬಟ್ಟೆ ಕಟ್ಟಿ ಸುಡುತ್ತಾರೆ. ದುಡ್ಡು ದಂಡ ಅಂತ ಬೈಯೋರು ಜಾಸ್ತಿ. ನಾನು ಬೈಯಲ್ಲ, ಕೊಳವೆ ಸುಟ್ಟುಕೊಳ್ಳಲಿ. ಆದರೆ ಅಲ್ಲಿ ಯಾರಾದರೂ ರೋಗಿಯ ಬಾಯಲ್ಲಿ ಹೆಸರು ಹೇಳಿಸಲು ಹೊರಟರೆ, ಮೊದಲು ಪೊಲೀಸರಿಗೆ ಫೋನ್ ಮಾಡಬೇಕು.